ಹೆಸರು ಹೇಳದೆ ಒಬ್ಬ ಆಟಗಾರನನ್ನು ನೆನೆದ ಕ್ಲಬ್ಬು: ಒಂದು ಪ್ರಕರಣ

ಇದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಒಳನಾಡಿನ ಒಂದು ಊರಿನಲ್ಲಿ ನಡೆದದ್ದು. ಊರು, ಕ್ಲಬ್ಬು, ಆಟಗಾರ, ಯಾರ ಹೆಸರೂ ಇಲ್ಲಿಲ್ಲ. ಜಂಪರ್, ಅಂದರೆ ಆಟದ ಅಂಗಿಯ, ನಂಬರನ್ನೂ ಬದಲಿಸಿದ್ದೇನೆ. ಅವನ ಹೆಂಡತಿಗೂ ದೊಡ್ಡಮ್ಮನಿಗೂ ಹೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬೇಡ ಅಂದರು, ಬಿಟ್ಟಿದ್ದೇನೆ.

ನಾನು ಆಗ ಆ ಫುಟಿ ಕ್ಲಬ್ಬಿನ ಖಜಾಂಚಿ. ಮಗನನ್ನು ಆಸ್‌ಕಿಕ್‌ಗೆ, ಅಂದರೆ ಚಿಕ್ಕ ಮಕ್ಕಳ ಫುಟಿ ತರಬೇತಿಗೆ, ಸೇರಿಸಿದ್ದೇ ಶುರು. ಮೊದಲು ಕ್ಯಾಂಟೀನಿನಲ್ಲಿ ನಿಲ್ಲಿಸಿದರು, ಆಮೇಲೆ "ನಿಮಗೆ ಲೆಕ್ಕ ಬರುತ್ತಲ್ಲ" ಅಂತ ಕಮಿಟಿಗೆ ಎಳೆದುಕೊಂಡರು. ಇಲ್ಲಿನ ಹಳ್ಳಿ ಕ್ಲಬ್ಬುಗಳು ಹೊಸಬರನ್ನು ಒಳಗೆ ಹಾಕಿಕೊಳ್ಳುವುದೇ ಹೀಗೆ. ಈ ದೇಶದಲ್ಲಿರುವ ನಮ್ಮವರಲ್ಲೂ ಕೆಲವರು ಇಂಥ ಕಮಿಟಿಗಳಲ್ಲಿ ಇರಬಹುದು. ಆಟಗಾರ ತೀರಿಕೊಂಡಾಗ ಏನು ಮಾಡಬೇಕು ಅನ್ನೋದಕ್ಕೆ ಯಾವ ಕ್ಲಬ್ಬಿನಲ್ಲೂ ತಯಾರಿ ಇರೋದಿಲ್ಲ. ನಮ್ಮಲ್ಲೂ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. 1859ರಲ್ಲಿ ಮೆಲ್ಬರ್ನಿನಲ್ಲಿ ಇದರ ನಿಯಮ ಬರೆದರು. ಮೊಟ್ಟೆ ಆಕಾರದ ಚೆಂಡು, ಕ್ರಿಕೆಟ್ ಆಡುವಂಥ ದೊಡ್ಡ ಮೈದಾನ, ಒಂದು ತಂಡಕ್ಕೆ ಮೈದಾನದಲ್ಲಿ 18 ಜನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟು, ಪಕ್ಕದ ಸಂದಿಯಲ್ಲಿ ಹೋದರೆ 1. ನಮ್ಮ ಕಡೆಯ ಊರುಗಳಲ್ಲಿ ಶನಿವಾರ ಬೆಳಗ್ಗೆಯಿಂದ ಮಕ್ಕಳ ಆಟ, ಪಕ್ಕದ ಅಂಕಣದಲ್ಲಿ ನೆಟ್‌ಬಾಲ್, ಆಮೇಲೆ ರಿಸರ್ವ್ಸ್, ಅಂದರೆ ಎರಡನೇ ತಂಡ, ಮಧ್ಯಾಹ್ನದ ಮೇಲೆ ಸೀನಿಯರ್ಸ್, ಅಂದರೆ ಮುಖ್ಯ ತಂಡ. ಇಡೀ ಊರು ಅಲ್ಲೇ ಇರುತ್ತೆ.

ಅವನು

ಅವನು ನಾರ್ದರ್ನ್ ಟೆರಿಟರಿಯ ಉತ್ತರ ತುದಿಯ ಮೂಲನಿವಾಸಿ ಸಮುದಾಯದವನು. ಅಲ್ಲಿನ ಫುಟಿ ಸೀಸನ್ನು ಮಳೆಗಾಲದ್ದು, ಅಕ್ಟೋಬರಿನಿಂದ ಮಾರ್ಚ್‌ವರೆಗೆ. ನಮ್ಮದು ಚಳಿಗಾಲದ್ದು, ಏಪ್ರಿಲಿನಲ್ಲಿ ಶುರುವಾಗಿ ಸೆಪ್ಟೆಂಬರಿಗೆ ಮುಗಿಯುತ್ತೆ. ಹಾಗಾಗಿ ಅಲ್ಲಿನ ಹುಡುಗರು ಅಲ್ಲಿ ಆಡಿ ಮುಗಿಸಿ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ದಕ್ಷಿಣಕ್ಕೆ ಬಂದು ಇಲ್ಲಿ ಆಡುವುದುಂಟು. ಇವನೂ ಹಾಗೇ ಬಂದ. ಬಂದವನು ಇಲ್ಲಿನ ಹುಡುಗಿಯನ್ನು ಮದುವೆಯಾದ, ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಹಿಡಿದ, ಎರಡು ಮಕ್ಕಳಾದವು, ಇಲ್ಲೇ ಉಳಿದ.

ಆಡುತ್ತಿದ್ದದ್ದು ಫಾರ್ವರ್ಡ್ ಪಾಕೆಟ್‌ನಲ್ಲಿ, ಕಂಬಗಳ ಪಕ್ಕದ ಮೂಲೆಯಲ್ಲಿ. ಅವನ ಒಂದು ಒದೆತ ನೋಡೋಕೆ ಅಂತಲೇ ಪಕ್ಕದ ಊರಿನವರೂ ಬರುತ್ತಿದ್ದರು. ಬೌಂಡರಿ ಗೆರೆಗೆ ಅಂಟಿಕೊಂಡು, ಕಂಬಗಳ ನಡುವಿನ ಜಾಗವೇ ಕಾಣದ ಕೋನದಲ್ಲಿ ನಿಂತು, ಚೆಂಡನ್ನು ಓರೆಯಾಗಿ ಕೆಳಗೆ ಬಿಟ್ಟು, ಬೂಟಿನ ಹೊರಬದಿಯಿಂದ ನೆಲಕ್ಕೆ ತಾಗುವ ಹಾಗೆ ಒದೆಯುತ್ತಿದ್ದ. ಚೆಂಡು ಮೊದಲು ಕಂಬದಿಂದ ದೂರ ಹೊರಟಂತೆ ಕಾಣುತ್ತಿತ್ತು. ಎರಡು ಸಲ ಪುಟಿದು, ಮೂರನೇ ಪುಟಿತಕ್ಕೆ ಮುಖ ತಿರುಗಿಸಿ, ನಡುವಿನ ಸಂದಿಗೆ ಉರುಳಿ ಹೋಗುತ್ತಿತ್ತು. ಗೋಲ್ ಅಂಪೈರ್ ಎರಡೂ ಕೈಯ ತೋರುಬೆರಳು ಮುಂದಕ್ಕೆ ಚಾಚುವ ಹೊತ್ತಿಗೆ ಇವನಾಗಲೇ ಬೇಲಿ ಪಕ್ಕದ ಮಕ್ಕಳ ಕೈ ತಟ್ಟುತ್ತಾ ನಡೆದಿರುತ್ತಿದ್ದ.

ಆದರೆ ಊರು ಅವನನ್ನು ಹಚ್ಚಿಕೊಂಡದ್ದು ಆಟಕ್ಕಷ್ಟೇ ಅಲ್ಲ. ಆಸ್‌ಕಿಕ್‌ಗೆ ಬರುವ ಒಂದೊಂದು ಮಗುವಿನ ಹೆಸರೂ ಅವನಿಗೆ ಗೊತ್ತಿತ್ತು. ನನ್ನ ಮಗನ ಹೆಸರನ್ನು ಮೇಷ್ಟ್ರುಗಳೇ ತಪ್ಪು ಹೇಳುತ್ತಾರೆ, ಇವನು ಎರಡನೇ ದಿನವೇ ಸರಿಯಾಗಿ ಕರೆದ.

ಒಂದು ಮಂಗಳವಾರ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಇನ್ನೂ ಮೂವತ್ತರ ಆಸುಪಾಸು.

ಮೊದಲ ಪೋಸ್ಟು, ಮೊದಲ ಫೋನು

ಕ್ಲಬ್ಬಿನ ಅಧ್ಯಕ್ಷ ಒಂದು ಗಂಟೆಯೊಳಗೆ ಫೇಸ್‌ಬುಕ್‌ನಲ್ಲಿ ಹಾಕಿದ. ಪೂರ್ತಿ ಹೆಸರು, ಕಪ್ಪು ಎತ್ತಿ ಹಿಡಿದು ನಗುವ ಫೋಟೋ, ಕೆಳಗೆ ನಾಲ್ಕು ಸಾಲು. ನನಗೆ ಇದರಲ್ಲಿ ವಿಚಿತ್ರ ಏನೂ ಅನಿಸಲಿಲ್ಲ. ನಮ್ಮ ಕಡೆ ಯಾರಾದರೂ ಹೋದರೆ ಮಾರನೇ ದಿನ ಬೆಳಗಾಗುವುದರೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಂತಿರುತ್ತೆ, ಫೋಟೋಗೆ ಹಾರ, ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ದುಡ್ಡು ಕೊಟ್ಟವರ ಮುಖಗಳು. ಸತ್ತವರ ಮುಖ ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಗೌರವ ಅನ್ನೋ ಲೆಕ್ಕ.

ಸಂಜೆ ಅವನ ದೊಡ್ಡಮ್ಮ ಉತ್ತರದಿಂದ ಫೋನ್ ಮಾಡಿದರು. ಅವರ ಕಡೆ ತಾಯಿಯ ಅಕ್ಕ ಅಂದರೆ ತಾಯಿಯೇ. ಸಿಟ್ಟಿಲ್ಲದ ದನಿ. "ನೋಡಪ್ಪ, ಆ ಹೆಸರು ತೆಗೆದುಬಿಡಿ. ಮುಖಾನೂ ತೆಗೆದುಬಿಡಿ. ಇಲ್ಲಿ ಎಲ್ಲರ ಫೋನಿಗೂ ಬಂದಿದೆ, ಮುದುಕರು ಹೊರಗೆ ಕೂತು ಅಳ್ತಿದ್ದಾರೆ."

ಆಸ್ಟ್ರೇಲಿಯದ ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ, ಎಲ್ಲದರಲ್ಲೂ ಅಲ್ಲ, ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಚಿತ್ರ ತೋರಿಸುವಂತಿಲ್ಲ. ಎಷ್ಟು ದಿನ ಅನ್ನೋದನ್ನು ಮನೆಯವರು ಹೇಳಬೇಕು. ಕೆಲವು ತಿಂಗಳಾಗಬಹುದು, ವರ್ಷಗಳೂ ಆಗಬಹುದು. ಇಲ್ಲಿನ ಟಿವಿಯಲ್ಲಿ ಕೆಲವು ಕಾರ್ಯಕ್ರಮಗಳ ಮೊದಲು "ಇದರಲ್ಲಿ ತೀರಿಕೊಂಡವರ ದನಿ, ಚಿತ್ರ ಇರಬಹುದು" ಅನ್ನೋ ಎಚ್ಚರಿಕೆ ಬರುವುದು ಇದಕ್ಕೇ. 2017ರಲ್ಲಿ ಆರ್ನೆಮ್ ಲ್ಯಾಂಡಿನ ಹೆಸರಾಂತ ಅಂಧ ಹಾಡುಗಾರರೊಬ್ಬರು ಹೋದಾಗ ದೊಡ್ಡ ಪತ್ರಿಕೆಗಳೂ ಮನೆಯವರ ಮಾತಿಗೆ ಕಟ್ಟುಬಿದ್ದು ಡಾ. ಜಿ. ಯುನುಪಿಂಗು ಅಂತಷ್ಟೇ ಬರೆದವು. ಮಧ್ಯ ಆಸ್ಟ್ರೇಲಿಯದ ಕೆಲವು ಕಡೆ, ಸತ್ತವರ ಹೆಸರೇ ಇರುವ ಬದುಕಿರುವವರನ್ನೂ ಆ ಸಮಯದಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ. ಇದನ್ನೆಲ್ಲ ನಮ್ಮ ಕಮಿಟಿಯಲ್ಲಿ ಒಬ್ಬಿಬ್ಬರು ಕೇಳಿದ್ದರು. ಅಷ್ಟು ವರ್ಷ ನಮ್ಮ ಜೊತೆ ಬಿಯರ್ ಕುಡಿದವನ ವಿಷಯದಲ್ಲೂ ಅದು ಅನ್ವಯಿಸುತ್ತೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಅಧ್ಯಕ್ಷ ತೆಗೆದುಬಿಡುತ್ತಿದ್ದ. ಆದರೆ ಆ ಫೋಟೋ ಕಳಿಸಿದ್ದೇ ತೀರಿಕೊಂಡವನ ಹೆಂಡತಿ. ಅವಳು ಈ ಊರಿನವಳು, ಆ ಸಮುದಾಯದವಳಲ್ಲ. ಗಂಡನನ್ನು ಕಳೆದುಕೊಂಡು ಕೆಲವೇ ಗಂಟೆಯಾಗಿದೆ, ಊರಿನವರು ಅವನ ಬಗ್ಗೆ ಬರೆಯುತ್ತಿರುವುದನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದಾಳೆ. ಈಗ ಅವಳಿಗೆ ಫೋನ್ ಮಾಡಿ ತೆಗೆಯುತ್ತೇವೆ ಅನ್ನೋದು ಹೇಗೆ? "ಅವಳು ಕಾನೂನಿನ ಪ್ರಕಾರ ಹೆಂಡತಿ, ಅವಳು ಹೇಳಿದ್ದೇ ಕೊನೆ" ಅಂದರು ಕಮಿಟಿಯಲ್ಲಿ ಇಬ್ಬರು. "ಹೆತ್ತವರ ಕಡೆಯವರ ಮಾತು ಮೀರೋದಾ?" ಅಂದರು ಇನ್ನಿಬ್ಬರು. ನಿಜವಾದ ಸಮಸ್ಯೆ ಅಲ್ಲಿತ್ತು. ಕ್ಲಬ್ಬು ಒಂದು ಕಡೆ, ಮನೆಯವರು ಇನ್ನೊಂದು ಕಡೆ ಆಗಿದ್ದರೆ ಸುಲಭವಿತ್ತು. ಮನೆಯೊಳಗೇ ಎರಡು ದುಃಖ, ಎರಡೂ ಸರಿ.

ಅರ್ಧಂಬರ್ಧ ಪರಿಹಾರ

ಮೊದಲು ಮಾಡಿದ್ದು ಯಾರಾದರೂ ಮಾಡುವಂಥದ್ದೇ, ನಡುದಾರಿ. ಹೆಸರಿನ ಮೊದಲ ಭಾಗ ಮಾತ್ರ ಉಳಿಸಿ, ಫೋಟೋದಲ್ಲಿ ಮುಖ ಮಸುಕು ಮಾಡಿ ಮತ್ತೆ ಹಾಕಿದರು. ಇದರಿಂದ ಇಬ್ಬರಿಗೂ ನೋವಾಯಿತು. ಮುಖ ಅಳಿಸಿದ ಗಂಡನ ಫೋಟೋ ನೋಡಿ ಹೆಂಡತಿ ಕಿರುಚಿದಳಂತೆ. ದೊಡ್ಡಮ್ಮನ ಕಡೆಯವರಿಗೆ ಹೆಸರು ಇನ್ನೂ ಅಲ್ಲೇ ಇತ್ತು. ಎರಡು ಕಡೆಗೂ ಅರ್ಧರ್ಧ ಕೊಟ್ಟರೆ ಸಮಾಧಾನ ಆಗುತ್ತೆ ಅನ್ನೋದು ಜಮೀನಿನ ಜಗಳಕ್ಕೆ ಸರಿ, ಇಲ್ಲಿ ನಡೆಯಲ್ಲ.

ತಿರುವು ಕೊಟ್ಟವಳು ನೆಟ್‌ಬಾಲ್ ಕೋಚ್. ಅವಳ ಅಜ್ಜಿಯ ಕಡೆ ಮೂಲನಿವಾಸಿಗಳು. ಬುಧವಾರ ಬೆಳಗ್ಗೆ ಅಧ್ಯಕ್ಷನಿಗೆ ಹೇಳಿದಳು, "ಇಬ್ಬರ ಮಾತನ್ನೂ ನೀನೇ ಹೊತ್ತುಕೊಂಡು ಓಡಾಡ್ತಿದ್ದೀಯ. ಅವರಿಬ್ಬರೂ ಮಾತಾಡಿಕೊಂಡಿದ್ದಾರಾ?" ಮಾತಾಡಿರಲಿಲ್ಲ. ಅವನ ಸಾವಿನ ಸುದ್ದಿಯನ್ನೂ ದೊಡ್ಡಮ್ಮನಿಗೆ ಹೇಳಿದ್ದು ಬೇರೆ ಯಾರೋ. ನೆಟ್‌ಬಾಲ್ ಕೋಚೇ ಹೆಂಡತಿಯ ಮನೆಗೆ ಹೋಗಿ, ಚಹಾ ಮಾಡಿ ಕೊಟ್ಟು, ದೊಡ್ಡಮ್ಮನಿಗೆ ಫೋನ್ ಹಚ್ಚಿ, ಹಿತ್ತಲಿಗೆ ಹೋಗಿ ಮಕ್ಕಳ ಜೊತೆ ಕೂತಳು. ಕ್ಲಬ್ಬಿನವರು ಯಾರೂ ಅಲ್ಲಿರಲಿಲ್ಲ.

ಆ ಫೋನಿನಲ್ಲಿ ಏನು ಮಾತಾಯಿತು ಅಂತ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಹೊರಗೆ ಬಂದ ತೀರ್ಮಾನ ಇಷ್ಟು. ಹೊರಗಿನವರ ಕಣ್ಣಿಗೆ ಬೀಳುವ ಕಡೆ ಹೆಸರೂ ಇಲ್ಲ, ಮುಖವೂ ಇಲ್ಲ. ಪೋಸ್ಟು ತೆಗೆಯಬೇಕು, ಆದರೆ ಜನ ಬರೆದದ್ದನ್ನೆಲ್ಲ ಮೊದಲು ಪ್ರಿಂಟ್ ಮಾಡಿ ಮಕ್ಕಳಿಗೆ ಕೊಡಬೇಕು. ಮನೆಯೊಳಗೆ ಹೆಂಡತಿ ಯಾವ ಫೋಟೋ ಬೇಕಾದರೂ ಇಟ್ಟುಕೊಳ್ಳಲಿ, ನೆಂಟರು ಬಂದಾಗ ಮಾತ್ರ ತಿರುಗಿಸಿಡಲಿ. ಮೈದಾನದಲ್ಲಿ ಅವನನ್ನು ನಂಬರಿನಿಂದ ಕರೆಯಬಹುದು. ನಂಬರ್ 23.

ಅವತ್ತು ಸಂಜೆಯಿಂದ ಕ್ಲಬ್‌ರೂಮಿನ ಬಾರ್ ಪಕ್ಕ ಒಂದು ಮೇಜು, ಮೇಲೊಂದು ದಪ್ಪ ನೋಟ್‌ಬುಕ್, ಒಂದು ರಟ್ಟಿನ ಡಬ್ಬ. ಫೋಟೋ ಇದ್ದವರು ಲಕೋಟೆಯಲ್ಲಿ ಹಾಕಿ ಡಬ್ಬಕ್ಕೆ ಹಾಕಬೇಕು, ಗೋಡೆಗೆ ಅಂಟಿಸುವ ಹಾಗಿಲ್ಲ. ಗೋಡೆಯ ಮೇಲಿದ್ದ ಹಳೇ ತಂಡದ ಫೋಟೋಗಳಿಗೆ ಬಿಳಿ ಬಟ್ಟೆ ಹೊದಿಸಿದರು. ಇದಕ್ಕೆ ಕೆಲವರು ಮುಖ ಸಿಂಡರಿಸಿದರು. "ಅವನನ್ನು ಮುಚ್ಚಿಡ್ತಿದ್ದೀರಿ" ಅಂತ ಒಬ್ಬ ಹಳೇ ಆಟಗಾರ ಬಾರಿನಲ್ಲಿ ಗಲಾಟೆ ಮಾಡಿದ. ಅವನ ಸಂಕಟವೂ ಸುಳ್ಳಲ್ಲ. ಕ್ಯಾಪ್ಟನ್ ಅವನನ್ನು ಕೂರಿಸಿ ಬರೆಯೋಕೆ ಪೆನ್ನು ಕೊಟ್ಟ. ಆ ಮನುಷ್ಯ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದ.

ಶನಿವಾರ

ಆಡೋದಾ ಬೇಡವಾ? 2015ರ ಜುಲೈಯಲ್ಲಿ ಅಡಿಲೇಡ್ ಕ್ಲಬ್ಬಿನ ಕೋಚ್ ಫಿಲ್ ವಾಲ್ಶ್ ಕೊಲೆಯಾದಾಗ ಎಎಫ್‌ಎಲ್ (ದೇಶದ ದೊಡ್ಡ ಫುಟಿ ಲೀಗು) ಆ ಕ್ಲಬ್ಬಿನ ಜೀಲಾಂಗ್ ವಿರುದ್ಧದ ಪಂದ್ಯವನ್ನೇ ರದ್ದು ಮಾಡಿ ಎರಡೂ ತಂಡಕ್ಕೆ ಪಾಯಿಂಟು ಹಂಚಿತು. ಉಳಿದ ಪಂದ್ಯಗಳು ನಡೆದವು, ಆಟ ಮುಗಿದ ಮೇಲೆ ಎರಡೂ ತಂಡದವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ವೃತ್ತವಾಗಿ ನಿಂತರು. ಎರಡೂ ದಾರಿ ಇದ್ದವು. ನಮ್ಮ ಲೀಗಿನವರು, ಎದುರು ತಂಡದವರು ಇಬ್ಬರೂ ನೀವು ಹೇಳಿದ ಹಾಗೆ ಅಂದರು.

ಗುರುವಾರ ರಾತ್ರಿ ಪ್ರಾಕ್ಟೀಸ್ ಮುಗಿಸಿ ಊಟಕ್ಕೆ ಕೂತಾಗ ಟೀಮ್ ಓದುವುದು ರೂಢಿ. ಅಲ್ಲೇ ಕೈ ಎತ್ತಿಸಿ ಕೇಳೋಣ ಅಂದ ಅಧ್ಯಕ್ಷ. ಕೋಚ್ ಬೇಡ ಅಂದ. ಗುಂಪಿನಲ್ಲಿ ಕೇಳಿದರೆ ಗಟ್ಟಿ ಬಾಯಿಯವರ ಮಾತೇ ಆಗುತ್ತೆ, ಹತ್ತೊಂಬತ್ತರ ಹುಡುಗ "ನನ್ನ ಕೈಲಾಗಲ್ಲ" ಅಂತ ಎಲ್ಲರ ಮುಂದೆ ಹೇಳಲ್ಲ. ಅವನು ಒಬ್ಬೊಬ್ಬರಿಗೂ ಫೋನ್ ಮಾಡಿದ. ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹಿಡಿಸಿದ ನಿರ್ಧಾರ ಇದು. ಐದಾರು ಮಂದಿ ಆಡಲ್ಲ ಅಂದರು, ಅದರಲ್ಲಿ ಇಬ್ಬರು ತಂಡದ ಅತಿ ಗಟ್ಟಿಗರು. ಉಳಿದವರಿಗೆ ಆಡಬೇಕಿತ್ತು. ರಿಸರ್ವ್ಸ್ ಪಂದ್ಯ ಬಿಟ್ಟು, ಅಲ್ಲಿನವರನ್ನು ಮೇಲೆ ತಂದು ಸೀನಿಯರ್ಸ್ ಆಡಿಸಿದರು. ಆ ವಾರ ಎಲ್ಲರ ಬಾಯಲ್ಲೂ "ಅವನಿದ್ದಿದ್ದರೆ ಹೀಗೇ ಹೇಳ್ತಿದ್ದ" ಅನ್ನೋ ಮಾತಿತ್ತು. ಆಡಬೇಕು ಅನ್ನೋರೂ ಅದನ್ನೇ ಹೇಳಿದರು, ಬೇಡ ಅನ್ನೋರೂ ಅದನ್ನೇ ಹೇಳಿದರು.

ಬ್ಯಾನರ್ ಇನ್ನೊಂದು ಕಥೆ. ಫುಟಿಯಲ್ಲಿ ದೊಡ್ಡ ಆಟಗಳಿಗೆ, ಯಾರದ್ದಾದರೂ ನೂರನೇ ಇನ್ನೂರನೇ ಆಟಕ್ಕೆ, ಕ್ರೇಪ್ ಪೇಪರಿನ ದೊಡ್ಡ ಪರದೆ ಮಾಡುತ್ತಾರೆ. ಎರಡು ಕೋಲಿಗೆ ಕಟ್ಟಿ ಎತ್ತಿ ಹಿಡಿಯುತ್ತಾರೆ, ತಂಡ ಅದನ್ನು ಹರಿದುಕೊಂಡು ಮೈದಾನಕ್ಕೆ ನುಗ್ಗುತ್ತೆ. ನಮ್ಮ ಬ್ಯಾನರ್ ತಂಡದ ಹೆಂಗಸರು ಮಂಗಳವಾರ ರಾತ್ರಿಯೇ ನೆಲದ ಮೇಲೆ ಪೇಪರ್ ಹಾಸಿ ಅಕ್ಷರ ಕತ್ತರಿಸೋಕೆ ಕೂತಿದ್ದರು. ಹೆಸರಿನ ಅರ್ಧ ಅಕ್ಷರ ಕತ್ತರಿಸಿಯಾಗಿತ್ತು, ಒಂದೊಂದೂ ಎರಡು ಅಡಿ ಎತ್ತರ. ಬುಧವಾರ ಹೆಸರು ಬೇಡ ಅಂದಾಗ ಅವರಲ್ಲಿ ಹಿರಿಯಳು ಆ ಅಕ್ಷರಗಳನ್ನು ಮಡಚಿ ಚೀಲಕ್ಕೆ ಹಾಕುತ್ತಾ ಕೇಳಿದಳು, "ಅಲ್ಲ, ಇದನ್ನ ಹರಿದುಕೊಂಡು ಓಡ್ತಿದ್ರಲ್ಲ? ಅವನ ಹೆಸರಿನ ಮಧ್ಯದಿಂದ?" ಇಷ್ಟೂ ವರ್ಷ ಬ್ಯಾನರ್ ಮಾಡಿದ ಯಾರಿಗೂ ಅದು ತೋಚಿರಲಿಲ್ಲ. ಕೊನೆಗೆ ಕ್ಲಬ್ಬಿನ ಬಣ್ಣದ ಮೇಲೆ ಬರೀ 23 ಅಂಟಿಸಿದರು. ಎರಡೂ ತಂಡದವರು ಅದರ ಎರಡೂ ಬದಿಯಿಂದ ನಡೆದು ಹೋದರು. ಹರಿಯಲಿಲ್ಲ.

ಮೈಕಿನಲ್ಲಿ ಮಾತಾಡುವ ಮುದುಕ ಅಭ್ಯಾಸಬಲದಿಂದ ಹೆಸರು ಹೇಳಿಬಿಟ್ಟಾನು ಅಂತ ಹೆದರಿಕೆ ಇತ್ತು, ಅವನಿಗೂ ಇತ್ತು. ಚೀಟಿಯಲ್ಲಿ ಬರೆದು ಕೊಟ್ಟರು: "ನಮ್ಮ ನಂಬರ್ 23ಕ್ಕಾಗಿ ಈಗ ಒಂದು ನಿಮಿಷ ನಿಲ್ಲೋಣ. ಸೈರನ್ ಆದ ಮೇಲೆ ಆಟ." ಅಷ್ಟೇ. ಅವನು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಓದಿದ್ದನ್ನೇ ಓದಿದ. ಉತ್ತರದಿಂದ ಬಂದಿದ್ದ ತೀರಿಕೊಂಡವನ ಇಬ್ಬರು ಅಣ್ಣತಮ್ಮಂದಿರು ಬೆಂಚಿನ ಪಕ್ಕ ನಿಂತಿದ್ದರು. ನಮ್ಮ ರಿಸರ್ವ್ಸ್‌ನಲ್ಲಿ ಅವನದೇ ಹೆಸರಿನ ಇನ್ನೊಬ್ಬ ಹುಡುಗ ಇದ್ದ. ಆ ದಿನ ಪೂರ್ತಿ ಯಾರೂ ಅವನನ್ನು ಹೆಸರು ಹಿಡಿದು ಕೂಗಲಿಲ್ಲ, "ಏ, ಹದಿನಾಲ್ಕು" ಅಂತ ಕೂಗಿದರು.

ಎಂಬತ್ತಕ್ಕೂ ಜಾಸ್ತಿ ಪಾಯಿಂಟಿನಿಂದ ಸೋತೆವು.

ದುಡ್ಡು

ಈ ಭಾಗ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವಾರದೊಳಗೆ ಊರಿನವರಿಂದ ಸಲಹೆ ಮೇಲೆ ಸಲಹೆ. ಮೈದಾನದ ಆ ಮೂಲೆಯಲ್ಲಿ ಕಲ್ಲಿನ ಬೆಂಚು, ಕಂಚಿನ ಫಲಕ, ಒಬ್ಬರಂತೂ ಪ್ರತಿಮೆ ಅಂದರು. ಅದೇ ಹೊತ್ತಿಗೆ ಅವನ ದೇಹ ಊರಿಗೆ ಹೋಗಬೇಕಿತ್ತು. ಮೊದಲು ಡಾರ್ವಿನ್‌ವರೆಗೆ ವಿಮಾನ, ಅಲ್ಲಿಂದ ಮುಂದೆ ಇನ್ನೂ ಪ್ರಯಾಣ. ಹೆಂಡತಿ ಮಕ್ಕಳು ಹೋಗಬೇಕು. ಮೂಲನಿವಾಸಿಗಳಲ್ಲಿ ಸಾವಿನ ಈ ಇಡೀ ಕಾಲಕ್ಕೆ ಇಂಗ್ಲಿಷಿನಲ್ಲಿ "ಸಾರಿ ಬಿಸ್ನೆಸ್" ಅನ್ನುತ್ತಾರೆ. ನೆಂಟರು ದೂರದೂರದಿಂದ ಬಂದು ಸೇರಬೇಕು, ಹಾಗಾಗಿ ಮಣ್ಣು ಮಾಡುವುದು ವಾರಗಟ್ಟಲೆ ಮುಂದಕ್ಕೆ ಹೋಗುತ್ತೆ. ಅಲ್ಲಿಯವರೆಗೆ ಶವಾಗಾರದ ಖರ್ಚು. ದುಡ್ಡು ಬೇಕಿದ್ದದ್ದು ಅಲ್ಲಿ. ಬೆಂಚಿಗೆ ಅವಸರ ಏನಿತ್ತು? ಕಮಿಟಿಯಲ್ಲಿ ನಾನು ಹೇಳಿದ್ದು ಇದಿಷ್ಟೇ, ಅವನು ಮನೆ ಮುಟ್ಟುವವರೆಗೆ ಕಲ್ಲಿಗೆ ಒಂದು ಡಾಲರೂ ಬೇಡ. ಒಪ್ಪಿದರು.

ಸಾಸೇಜ್ ಸುಟ್ಟು ಮಾರಿದರು, ಮಾಂಸದ ಟ್ರೇ ಬಹುಮಾನದ ರಾಫಲ್, ಅಂದರೆ ಚೀಟಿ ಲಾಟರಿ, ಇಟ್ಟರು (ಸಸ್ಯಾಹಾರಿ ಖಜಾಂಚಿ ಮಾಂಸದ ಟ್ರೇ ಟಿಕೆಟ್ ಹರಿದು ಕೊಡುವುದನ್ನು ನೋಡಿ ಊರಿಗೇ ನಗು, ಆ ವಾರಗಳಲ್ಲಿ ಜನ ನಕ್ಕಿದ್ದು ಅದೊಂದಕ್ಕೇ). ಎದುರಾಳಿ ಕ್ಲಬ್ಬುಗಳೂ ತಮ್ಮ ಗೇಟ್ ಹಣ ಕಳಿಸಿದವು. ಕ್ಲಬ್ಬಿನ ಖಾತೆಗೆ ಇದನ್ನು ಬೆರೆಸದೆ ಬೇರೆ ಖಾತೆ ತೆಗೆದೆವು. ಸಹಿಗೆ ಇಬ್ಬರು, ಒಬ್ಬರು ಕ್ಲಬ್ಬಿನವರು, ಇನ್ನೊಬ್ಬರು ಮನೆಯ ಕಡೆಯವರು. ಇದು ಗೊಣಗಾಟ ಬರುವ ಮೊದಲೇ ಮಾಡಬೇಕಾದ ಕೆಲಸ. ಬಂದ ಮೇಲೆ ಮಾಡಿದರೆ ಅಪನಂಬಿಕೆಗೆ ಮಾಡಿದ ಹಾಗೆ ಕಾಣುತ್ತೆ.

ಅಷ್ಟರಲ್ಲಿ ಯಾರೋ ಒಳ್ಳೇ ಮನಸ್ಸಿನಿಂದಲೇ ಆನ್‌ಲೈನಿನಲ್ಲಿ ಇನ್ನೊಂದು ಸಂಗ್ರಹ ಶುರು ಮಾಡಿದ್ದರು, ಹೆಸರು, ಫೋಟೋ ಎರಡೂ ಹಾಕಿ. ಅವರ ಮನೆಗೇ ಹೋಗಿ ಕೂತು ಮಾತಾಡಿದ ಮೇಲೆ ಬದಲಿಸಿದರು. ಫೇಸ್‌ಬುಕ್ಕಿನಲ್ಲಿ ಬೈದಿದ್ದರೆ ಬದಲಿಸುತ್ತಿರಲಿಲ್ಲ.

ಕೋಚ್, ಕ್ಯಾಪ್ಟನ್, ಇನ್ನೂ ಕೆಲವರು ಮಣ್ಣಿಗೆ ಹೋದರು. ನಾನು ಹೋಗಲಿಲ್ಲ. ಹೋದವರು ಹೇಳಿದ್ದು: ಎಲೆ ಸುಟ್ಟ ಹೊಗೆಯಲ್ಲಿ ಎಲ್ಲರನ್ನೂ ನಡೆಸಿದರು, ಇವರನ್ನೂ ಮನೆಯವರ ಸಾಲಿನಲ್ಲೇ ನಿಲ್ಲಿಸಿದರು, ಮಾರನೇ ದಿನ ಕೆಂಪು ಮಣ್ಣಿನ ಮೈದಾನದಲ್ಲಿ ಆಟ ಇಟ್ಟು ಇವರನ್ನೂ ಇಳಿಸಿದರು. ಬರಿಗಾಲಿನ ಹುಡುಗರು ಮೂಲೆಯಿಂದ ಅದೇ ಒದೆತ ಒದೆಯುತ್ತಿದ್ದರಂತೆ, ಒಬ್ಬರಾದ ಮೇಲೆ ಒಬ್ಬರು. ಅದು ಅವನೊಬ್ಬನ ಕೈಚಳಕ ಅಂತ ನಾವು ಅಂದುಕೊಂಡಿದ್ದೆವು.

ನಂಬರು

ಸೀಸನ್ ಮುಗಿದ ಮೇಲೆ 23ನ್ನು ಇನ್ನು ಯಾರಿಗೂ ಕೊಡಬಾರದು ಅಂತ ಒಂದು ಪ್ರಸ್ತಾಪ ಬಂತು. ಕೇಳೋಕೆ ದೊಡ್ಡ ಗೌರವದ ಹಾಗಿದೆ. ಆದರೆ ಈ ಆಟದ ದೊಡ್ಡ ಕ್ಲಬ್ಬುಗಳ ರೂಢಿ ನೋಡಿ. ಐರ್ಲೆಂಡಿನಿಂದ ಬಂದು ಮೆಲ್ಬರ್ನ್ ಕ್ಲಬ್ಬಿಗೆ ಸತತ 244 ಪಂದ್ಯ ಆಡಿದ ಜಿಮ್ ಸ್ಟೈನ್ಸ್ 2012ರಲ್ಲಿ ಕ್ಯಾನ್ಸರಿನಿಂದ ಹೋದರು, ಸರ್ಕಾರಿ ಗೌರವದ ಅಂತ್ಯಕ್ರಿಯೆ ಆಯಿತು. ಅವರ 11 ಆಮೇಲೆ ಮ್ಯಾಕ್ಸ್ ಗಾನ್ ಬೆನ್ನಿಗೆ ಬಂತು, ಅದೇ ಜಂಪರಿನಲ್ಲಿ ಗಾನ್ 2021ರಲ್ಲಿ ಕ್ಯಾಪ್ಟನ್ ಆಗಿ ಕಪ್ಪು ಎತ್ತಿದರು. ಹಾಥಾರ್ನ್‌ನ ಪೀಟರ್ ಕ್ರಿಮಿನ್ಸ್ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಕ್ಯಾನ್ಸರಿನಿಂದ ಮಲಗಿದ್ದರು, 1976ರ ಫೈನಲ್ ಗೆದ್ದ ರಾತ್ರಿಯೇ ಆಟಗಾರರು ಕಪ್ಪನ್ನು ಅವರ ಮನೆಗೆ ಹೊತ್ತೊಯ್ದರು, ಮೂರು ದಿನಕ್ಕೆ ಅವರು ಹೋದರು, ಇನ್ನೂ 28 ವರ್ಷ. ಅವರ 5ನೇ ನಂಬರನ್ನು ಆಮೇಲೆ ಸ್ಯಾಮ್ ಮಿಚೆಲ್ ತೊಟ್ಟು ಆಡಿದರು. ಕ್ರಿಮಿನ್ಸ್ ಹೆಸರು ಉಳಿದದ್ದು ಕ್ಲಬ್ಬು ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕದಲ್ಲಿ.

ಈ ಸಲ ಅಧ್ಯಕ್ಷ ಮೀಟಿಂಗಿಗೆ ಮೊದಲೇ ಎರಡು ಫೋನ್ ಮಾಡಿದ. ಹೆಂಡತಿ, ನಂಬರು ಮಗನಿಗೆ ಇರಲಿ ಅಂದಳು. ದೊಡ್ಡಮ್ಮ, "ಸುಮ್ನೆ ಪೆಟ್ಟಿಗೇಲಿ ಇಡಬೇಡಿ, ಅಂಗಿ ಇರೋದು ಹಾಕಿಕೊಳ್ಳೋಕೆ" ಅಂದರು. ಪ್ರಸ್ತಾಪವನ್ನು ಅಲ್ಲಿಗೇ ಬಿಟ್ಟು, ಸದ್ಯಕ್ಕೆ ಯಾರಿಗೂ ಕೊಡುವುದು ಬೇಡ, ಮುಂದೆ ಮನೆಯವರನ್ನು ಕೇಳಿ ನೋಡೋಣ ಅಂತ ಬರೆದಿಟ್ಟರು.

ಬಹುಮಾನ ಒಂದು ಶುರುವಾಯಿತು, "ನಂಬರ್ 23" ಅಂತ. ಗೋಲು ಜಾಸ್ತಿ ಹೊಡೆದವರಿಗಲ್ಲ, ಆಸ್‌ಕಿಕ್ ಮಕ್ಕಳ ಜೊತೆ ತಪ್ಪದೆ ನಿಂತ ಆಟಗಾರನಿಗೆ. ಬೇಸಿಗೆಯಲ್ಲಿ ಕ್ಲಬ್‌ರೂಮಿನಲ್ಲಿ ಹೃದಯ ತಪಾಸಣೆಯ ಒಂದು ಸಂಜೆಯೂ ಆಯಿತು. ಮೂಲನಿವಾಸಿಗಳಲ್ಲಿ ಹೃದಯದ ಕಾಯಿಲೆ ಬೇರೆಯವರಿಗಿಂತ ಚಿಕ್ಕ ವಯಸ್ಸಿಗೇ ಬರುವುದು ಜಾಸ್ತಿ, ಇದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಸೇಂಟ್ ಕಿಲ್ಡಾ ಕ್ಲಬ್ಬು ತನ್ನ ಹಳೇ ಕ್ಯಾಪ್ಟನ್ ಡ್ಯಾನಿ ಫ್ರಾಲಿ 2019ರಲ್ಲಿ ಕಾರು ಅಪಘಾತದಲ್ಲಿ ಹೋದ ಮೇಲೆ ವರ್ಷಕ್ಕೊಂದು ಪಂದ್ಯವನ್ನು ಮನಸ್ಸಿನ ಆರೋಗ್ಯದ ಮಾತಿಗೆ ಮೀಸಲಿಟ್ಟಿದೆ. ನಮಗೆ ಆ ಯೋಚನೆ ಬಂದದ್ದು ಅಲ್ಲಿಂದ. ತಪಾಸಣೆಗೆ ಬಂದವರಲ್ಲಿ ಇಬ್ಬರನ್ನು ನರ್ಸ್ ಅಲ್ಲಿಂದಲೇ ಡಾಕ್ಟರ ಹತ್ತಿರ ಕಳಿಸಿದಳು. ಕಲ್ಲಿನ ಬೆಂಚು ಇವತ್ತಿಗೂ ಆಗಿಲ್ಲ, ಯಾರೂ ಕೇಳಲೂ ಇಲ್ಲ.

ಬೇರೆ ಕಮಿಟಿಯವರು ನನ್ನನ್ನು ಕೇಳಿದರೆ ಹೇಳುವುದು ಮುಖ್ಯವಾಗಿ ಒಂದೇ. ಹೇಗೆ ನೆನೆಯಬೇಕು ಅನ್ನೋದು ಎರಡನೇ ಪ್ರಶ್ನೆ, ಯಾರನ್ನು ಕೇಳಬೇಕು ಅನ್ನೋದು ಮೊದಲನೇದು. ಅದೂ ಒಬ್ಬರನ್ನೇ ಕೇಳಿದರೆ ಸಾಲದು. ನಮ್ಮ ಕ್ಲಬ್ಬಿನ ನೋಂದಣಿ ಫಾರಮ್ಮಿನಲ್ಲಿ ಈಗ ಒಂದು ಸಾಲು ಜಾಸ್ತಿ ಇದೆ. ತುರ್ತು ಸಂಪರ್ಕ ಅಂತ ಒಂದು ನಂಬರ್ ಮೊದಲೇ ಇತ್ತು, ಅದರ ಕೆಳಗೆ "ನಿಮ್ಮ ಹಿರಿಯರಲ್ಲಿ ಯಾರನ್ನು ಕೇಳಬೇಕು" ಅಂತ ಇನ್ನೊಂದು. ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ, ಹೇಳುತ್ತೇವೆ. ಇನ್ನೊಂದು, ಮೊದಲ ದಿನ ಏನೂ ಹಾಕದೆ ಸುಮ್ಮನಿದ್ದರೆ ಯಾವ ನಷ್ಟವೂ ಇಲ್ಲ. ಹಾಕಿದ್ದನ್ನು ವಾಪಸ್ ತೆಗೆಯುವುದೇ ಕಷ್ಟ, ಅಷ್ಟರಲ್ಲಿ ಅದು ಎಲ್ಲರ ಫೋನಿನಲ್ಲಿ ಇರುತ್ತೆ.

ಒಂದು ವರ್ಷಕ್ಕೂ ಮೇಲೆ ದೊಡ್ಡಮ್ಮ ಫೋನ್ ಮಾಡಿ ಇನ್ನು ಹೆಸರು ಹೇಳಬಹುದು ಅಂದರು. ಗೋಡೆಯ ಬಟ್ಟೆ ತೆಗೆದರು. ಬಹುಮಾನಕ್ಕೆ ಅವನ ಹೆಸರು ಇಡಬಹುದು ಅಂತಲೂ ಅಂದರು. ಆದರೆ ಹುಡುಗರು ನಂಬರಿನ ಹೆಸರೇ ಇರಲಿ ಅಂದರು, ಹಾಗೇ ಇದೆ.

ಈಗ ಹೊಸ ವಿಷಯ ಬಂದಿದೆ. ಅವನ ಅಕ್ಕನ ಮಗ ಈ ಸೀಸನ್ನಿಗೆ ಉತ್ತರದಿಂದ ಇಲ್ಲಿಗೆ ಆಡೋಕೆ ಬರುತ್ತಿದ್ದಾನೆ, ಅವನಿಗೆ 23 ಬೇಕಂತೆ. ದೊಡ್ಡಮ್ಮ ಕೊಡಿ ಅನ್ನುತ್ತಾರೆ. ಹೆಂಡತಿಗೆ ಇಷ್ಟವಿಲ್ಲ, ಮಗ ಈಗ ಹತ್ತು ವರ್ಷದೊಳಗಿನವರ ತಂಡದಲ್ಲಿ ಆಡುತ್ತಾನೆ, ಅವನು ಸೀನಿಯರ್ಸ್‌ಗೆ ಬರೋವರೆಗೆ ಕಾಯಿರಿ ಅನ್ನುತ್ತಾಳೆ. ಹೆಸರಾಂತ ಫುಟಿ ಆಟಗಾರ ರಾನ್ ಬರಾಸಿ ಐವತ್ತರ ದಶಕದಲ್ಲಿ ಮೆಲ್ಬರ್ನ್ ಕ್ಲಬ್ಬಿಗೆ ಆಡುವಾಗ ತೊಟ್ಟದ್ದು 1941ರಲ್ಲಿ ಟೊಬ್ರುಕ್ ಯುದ್ಧದಲ್ಲಿ ಸತ್ತ ತಂದೆಯ 31ನೇ ನಂಬರನ್ನು ಅಂತ ಕಮಿಟಿಯ ಹಿರಿಯರೊಬ್ಬರು ನೆನಪಿಸಿದರು. ಅದು ಅವಳ ಕಡೆಯ ವಾದಕ್ಕೆ ಬಲ. ನನ್ನ ಅಭಿಪ್ರಾಯ ಕೇಳಿದರೆ, ಅಕ್ಕನ ಮಗನಿಗೆ ಈಗ ಕೊಟ್ಟು, ಮಗ ಬಂದಾಗ ಬಿಟ್ಟುಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಲಿ. ಆದರೆ ಅದನ್ನು ಹೇಳಬೇಕಾದವನು ನಾನಲ್ಲ. ನೆಟ್‌ಬಾಲ್ ಕೋಚ್ ಈ ಭಾನುವಾರ ಮತ್ತೆ ಅವಳ ಮನೆಗೆ ಹೋಗಿ ದೊಡ್ಡಮ್ಮನಿಗೆ ಫೋನ್ ಹಚ್ಚಿ ಕೊಡುತ್ತಾಳೆ. ಜಂಪರ್ ಆರ್ಡರ್ ಕಳಿಸೋಕೆ ತಿಂಗಳ ಕೊನೆಯವರೆಗೆ ಸಮಯ ಇದೆ.